ಹತ್ತನೇ ಮೆಟ್ಟಿಲು

1994ರಲ್ಲಿ ಚಿತ್ರದುರ್ಗದಲ್ಲಿ ಐಟಿಐಗೆ ಸೇರಿದೆ. ಡ್ರಾಫ್ಟ್ಸ್‌ಮನ್ ಸಿವಿಲ್, ಅಂದರೆ ಕಟ್ಟಡದ ನಕ್ಷೆ ಬರೆಯುವ ಎರಡು ವರ್ಷದ ಟ್ರೇಡು. ಆಗ ದಾವಣಗೆರೆಯೂ ಚಿತ್ರದುರ್ಗ ಜಿಲ್ಲೆಯಲ್ಲೇ ಇತ್ತು. ದಿನಾ ಅಲ್ಲಿಂದ ಬಸ್ಸಲ್ಲಿ ಬರುತ್ತಿದ್ದೆ, ಗೆರೆ ಎಳೆಯುವ ಉದ್ದನೆ ಟಿ-ಸ್ಕ್ವೇರ್ ಪಟ್ಟಿ ಯಾರಿಗೂ ತಾಗದ ಹಾಗೆ ಹಿಡಿದುಕೊಂಡು.

ಮೊದಲ ತಿಂಗಳು ಬರೀ ಗೆರೆ. ಪೆನ್ಸಿಲನ್ನು ಬ್ಲೇಡಲ್ಲಿ ಕೆತ್ತಿ, ಮೊನೆಯನ್ನು ಸ್ಯಾಂಡ್‌ಪೇಪರಿಗೆ ಉಜ್ಜಬೇಕು. ಗೆರೆ ಎಳೆಯುತ್ತಲೇ ಪೆನ್ಸಿಲನ್ನು ಬೆರಳಲ್ಲಿ ನಿಧಾನ ತಿರುಗಿಸುತ್ತಿರಬೇಕು. ಇಲ್ಲದಿದ್ದರೆ ಮೊನೆ ಒಂದೇ ಕಡೆ ಸವೆದು, ಶುರುವಿನಲ್ಲಿ ಸಣ್ಣಗಿದ್ದ ಗೆರೆ ಕೊನೆಗೆ ದಪ್ಪ ಆಗುತ್ತೆ. ಗೋಡೆಯ ಗೆರೆ ದಪ್ಪ, ಅಳತೆಯ ಗೆರೆ ಸಣ್ಣ. ಎರಡೂ ಒಂದೇ ಥರ ಇದ್ದರೆ ಓದುವವನು ಗೋಡೆ ಯಾವುದು ಅಂತ ಹುಡುಕಬೇಕಾಗುತ್ತೆ.

ನಮ್ಮ ಮೇಷ್ಟ್ರು ಮುಗಿದ ಶೀಟನ್ನು ಮೊದಲು ತಾವು ನೋಡುತ್ತಿರಲಿಲ್ಲ. ಪಕ್ಕದ ಹುಡುಗನಿಗೆ ಕೊಟ್ಟು, "ಇದೇನು ಹೇಳಪ್ಪಾ" ಅನ್ನುತ್ತಿದ್ದರು. ಬರೆದವನು ಬಾಯಿ ಬಿಡುವ ಹಾಗಿಲ್ಲ. ಓದುವವನು ತಡವರಿಸಿದ ಜಾಗಕ್ಕೆಲ್ಲ ಕೆಂಪು ಗುರುತು. "ಸೈಟಲ್ಲಿ ಮೇಸ್ತ್ರಿ ಕೈಲಿ ಶೀಟಿರುತ್ತೆ, ನೀನಿರಲ್ಲ" ಅನ್ನುತ್ತಿದ್ದರು. ನನ್ನ ಶೀಟಿನ ಮೇಲೆ ಜಾಸ್ತಿ ಕೆಂಪು ಬಿದ್ದದ್ದು ಬಾಗಿಲು ಎತ್ತ ತೆರೆಯುತ್ತೆ ಅಂತ ತೋರಿಸದೆ ಬಿಟ್ಟದ್ದಕ್ಕೆ.

ಒಂದು ಶನಿವಾರ ಟೇಪು ಹಿಡಿಸಿಕೊಂಡು ಕೋಟೆಗೆ ಕರೆದುಕೊಂಡು ಹೋದರು. ಒಂದು ಬಾಗಿಲನ್ನು ಅಳೆದು ಪ್ಲಾನ್ ಬರೆದೆವು. ಎಷ್ಟೋ ಸಲ ಸುಮ್ನೆ ನಡೆದು ಹೋದ ದಾರಿ ಅದು. ಬಾಗಿಲು ದಾಟಿದ ಕೂಡಲೇ ದಾರಿ ಯಾಕೆ ಮಡಚಿಕೊಂಡಿದೆ ಅಂತ ಕಾಗದದ ಮೇಲೆ ನೋಡಿದಾಗಲೇ ತಿಳಿದದ್ದು. ನೇರ ನುಗ್ಗಿ ಬಂದ ಸೈನ್ಯ ಅಲ್ಲಿ ನಿಂತು ತಿರುಗಲೇಬೇಕಲ್ವಾ!

ದಾವಣಗೆರೆಯಲ್ಲಿ ನನ್ನ ಮೊದಲ ಕೆಲಸ ಒಂದು ಮನೆಯ ಮೆಟ್ಟಿಲು. ಮಹಡಿಯ ಎತ್ತರ 3 ಮೀಟರ್, ಒಂದು ಮೆಟ್ಟಿಲ ಎತ್ತರ 150 ಮಿ.ಮೀ. ಅಂದರೆ 20 ಏರು. ಮಧ್ಯದಲ್ಲಿ ತಿರುಗಿಕೊಳ್ಳುವ ಚಪ್ಪಟೆ ಜಾಗಕ್ಕೆ, ಅಂದರೆ ಲ್ಯಾಂಡಿಂಗಿಗೆ, ಮೊದಲು 10, ಆಮೇಲೆ 10. ನಾನು ಎರಡೂ ಕಡೆ ಕಾಲಿಡುವ ಹಾಸನ್ನೂ ಹತ್ತತ್ತೇ ಬರೆದಿದ್ದೆ. ಬೇಕಿದ್ದದ್ದು ಒಂಬತ್ತು. ಹತ್ತನೇ ಏರು ಹತ್ತಿದ ಕಾಲು ಲ್ಯಾಂಡಿಂಗ್ ಮೇಲೇ ಇರುತ್ತೆ. ಹೆಚ್ಚಿಗೆ ಬಂದ ಆ ಒಂದು ಹಾಸು 300 ಮಿ.ಮೀ. ತಿಂದು, 900 ಇರಬೇಕಿದ್ದ ಲ್ಯಾಂಡಿಂಗ್ 600 ಆಗಿತ್ತು. ಕಾಂಕ್ರೀಟಿಗೆ ಹಲಗೆಯ ಸೆಂಟ್ರಿಂಗ್ ಹೊಡೆಯೋ ಮೊದಲು ಮೇಸ್ತ್ರಿ ನೋಡಿದರು, ಸದ್ಯ. ಅವತ್ತು ರಾತ್ರಿ ಶೀಟು ಪೂರ್ತಿ ಮತ್ತೆ ಬರೆದೆ.

ಈಗ ನಮ್ಮ ಆಫೀಸಲ್ಲಿ ಎಲ್ಲ ಆಟೋಕ್ಯಾಡ್. ಪೆನ್ಸಿಲ್ ತಿರುಗಿಸುವ ಕೆಲಸ ಇಲ್ಲ, ಗೆರೆಯ ದಪ್ಪ ಕಂಪ್ಯೂಟರೇ ನೋಡಿಕೊಳ್ಳುತ್ತೆ. ಆದರೂ ಹೊಸ ಹುಡುಗರ ಪ್ರಿಂಟನ್ನು ಮೊದಲು ಮೇಸ್ತ್ರಿಗೆ ಕೊಡುತ್ತೇನೆ, ಹುಡುಗರಿಗೆ ಸುಮ್ಮನಿರಲು ಹೇಳುತ್ತೇನೆ. ಹೋದ ವಾರ ಮೇಸ್ತ್ರಿ ಮೆಟ್ಟಿಲ ಮೇಲೆ ಬೆರಳಿಟ್ಟು ಒಂದು, ಎರಡು ಅಂತ ಎಣಿಸುತ್ತಾ ಹೋದರು. ಒಂಬತ್ತು ಆದ ಮೇಲೆ ಬೆರಳು ಲ್ಯಾಂಡಿಂಗಿಗೆ ಬಂತು. "ಹತ್ತು, ಸರಿ ಐತೆ" ಅಂದರು. ಹುಡುಗ ಆಗ ಉಸಿರು ಬಿಟ್ಟ. ನಾನೂ.