ಸಿಗ್ನಿ ದ್ವೀಪದ ರೆಕ್ಕೆಯಿಲ್ಲದ ನೊರಜು

ಅಂಟಾರ್ಕ್ಟಿಕಾ ಎಂದೊಡನೆ ನಮಗೆ ಪೆಂಗ್ವಿನ್ನು, ಸೀಲು, ತಿಮಿಂಗಿಲಗಳು ನೆನಪಾಗುತ್ತವೆ. ಇವೆಲ್ಲ ಹೊಟ್ಟೆ ಹೊರೆಯುವುದು ಕಡಲಿನಿಂದ. ನೆಲದಲ್ಲೇ ಹುಟ್ಟಿ, ನೆಲದ್ದನ್ನೇ ತಿಂದು, ನೆಲದಲ್ಲೇ ಸಾಯುವ ಅಲ್ಲಿನ ಮೂಲನಿವಾಸಿಗಳ ಪೈಕಿ ಎಲ್ಲಕ್ಕಿಂತ ದೊಡ್ಡದು ಬೆಲ್ಜಿಕಾ ಅಂಟಾರ್ಕ್ಟಿಕಾ ಎಂಬ ನೊರಜು. ಅದರ ಉದ್ದ 2ರಿಂದ 6 ಮಿಲಿಮೀಟರ್. ಅದಕ್ಕೆ ರೆಕ್ಕೆಯಿಲ್ಲ. ಮರಿಹುಳುವಾಗಿ ಎರಡು ವರ್ಷ ಹಾವಸೆಯ ಕೆಳಗೆ ಕಳೆದು, ಚಳಿಗಾಲದಲ್ಲಿ ಮೈಯ ನೀರಿನಲ್ಲಿ ಸುಮಾರು 70 ಪ್ರತಿಶತವನ್ನು ಕಳೆದುಕೊಂಡು ಒಣಗಿದರೂ ಸಾಯದೆ ಉಳಿದು, ಕಡೆಗೆ ಪ್ರಾಯದ ಕೀಟವಾಗಿ ಹೊರಬಂದಾಗ ಅದಕ್ಕೆ ಸಿಗುವುದು ಹತ್ತು ದಿನಗಳ ಆಸುಪಾಸಿನ ಆಯುಷ್ಯ. ಅದರ ಸುತ್ತ ಇರುವವು ನುಸಿಗಳು, ಸ್ಪ್ರಿಂಗ್‌ಟೇಲ್ ಎಂಬ ಪುಟಾಣಿ ನೆಗೆಯುವ ಜೀವಿಗಳು, ದುಂಡುಹುಳುಗಳು ಮತ್ತು ಸೂಕ್ಷ್ಮದರ್ಶಕವಿಲ್ಲದೆ ಕಾಣಲು ಕಷ್ಟವಾದ ನೀರುಕರಡಿಗಳು. ಇಷ್ಟು ಕಡಿಮೆ ಜನಸಂಖ್ಯೆಯ ಊರಿಗೆ ಹೊರಗಿನಿಂದ ಒಬ್ಬ ಬಂದು ನೆಲೆಸಿದರೆ ಏನಾಗುತ್ತದೆ ಎಂಬುದಕ್ಕೆ ಸಿಗ್ನಿ ದ್ವೀಪದ ಕಥೆ ಒಂದು ಉದಾಹರಣೆ. ಅದು ಕೆಲವು ದಿನಗಳಿಂದ ನನ್ನ ತಲೆಯಿಂದ ಇಳಿಯುತ್ತಿಲ್ಲ.

ಸಿಗ್ನಿಯು ಅಂಟಾರ್ಕ್ಟಿಕಾ ಬಳಿಯ ದಕ್ಷಿಣ ಆರ್ಕ್ನಿ ದ್ವೀಪಸಮೂಹದ ಒಂದು ಪುಟ್ಟ ದ್ವೀಪ. ಬ್ರಿಟಿಷ್ ಅಂಟಾರ್ಕ್ಟಿಕ್ ಸರ್ವೆಯ ಸಂಶೋಧನಾ ಕೇಂದ್ರವೊಂದು ಅಲ್ಲಿದೆ. 1960ರ ದಶಕದಲ್ಲಿ ಸಸ್ಯವಿಜ್ಞಾನಿಗಳು ಬೇರೆಡೆಯ ಗಿಡಗಳು ಆ ಚಳಿಯಲ್ಲಿ ಬದುಕಿಯಾವೇ ಎಂದು ಪರೀಕ್ಷಿಸಲು ಸುಮಾರು 900 ಕಿಲೋಮೀಟರ್ ದೂರದ ದಕ್ಷಿಣ ಜಾರ್ಜಿಯಾದಿಂದ ಮಣ್ಣಿನ ಸಮೇತ ಸಸಿಗಳನ್ನು ತಂದು ನೆಟ್ಟರು. ಅಂದಿನ ದೃಷ್ಟಿಯಲ್ಲಿ ಅದು ಯಾರಿಗೂ ತಪ್ಪೆಂದು ತೋರದ ಪ್ರಯೋಗ. ಗಿಡಗಳ ಬೇರಿನ ಮಣ್ಣಿನಲ್ಲಿ ಎರೆಟ್ಮಾಪ್ಟೆರಾ ಮರ್ಫಿ ಎಂಬ ಇನ್ನೊಂದು ನೊರಜಿನ ಸಂತಾನವೂ ಬಂದಿತ್ತೆಂಬುದು ಗಮನಕ್ಕೆ ಬಂದದ್ದು 1980ರ ದಶಕದಲ್ಲಿ. ಇದೂ ಹಾರಲಾರದು. ಆದರೆ ಇದರಲ್ಲಿ ಗಂಡುಗಳೇ ಇಲ್ಲ. ಹೆಣ್ಣು ತಾನೊಂದೇ ಮೊಟ್ಟೆಯಿಡುತ್ತದೆ. ಹಾಗಾಗಿ ಹೊಸ ನೆಲದಲ್ಲಿ ವಂಶ ಹೂಡಲು ಜೋಡಿ ಬೇಕಿಲ್ಲ, ಮಣ್ಣಿನ ಹೆಂಟೆಯಲ್ಲಿ ಉಳಿದ ಒಂದೇ ಮರಿಹುಳು ಸಾಕು.

ಹೊರಗಿನಿಂದ ಬಂದ ಜೀವಿ ಎಂದರೆ ನಮ್ಮ ಕಣ್ಣಿಗೆ ಕಟ್ಟುವುದು ಕಾಡಿನಂಚನ್ನೆಲ್ಲ ನುಂಗಿದ ಲಂಟಾನ ಅಥವಾ ಖಾಲಿ ಸೈಟು ಕಂಡಲ್ಲೆಲ್ಲ ಎದ್ದು ನಿಲ್ಲುವ ಕಾಂಗ್ರೆಸ್ ಗಿಡ. ಸಿಗ್ನಿಯ ನೊರಜಿಗೆ ಆ ಆರ್ಭಟವಿಲ್ಲ. ಅದು ಯಾರನ್ನೂ ಕಚ್ಚುವುದಿಲ್ಲ, ಯಾವ ಪ್ರಾಣಿಯನ್ನೂ ಬೇಟೆಯಾಡುವುದಿಲ್ಲ. ಸತ್ತ ಹಾವಸೆಯನ್ನು ತಿಂದು ಗೊಬ್ಬರ ಮಾಡುತ್ತದೆ, ಅಷ್ಟೆ. ಹಿತ್ತಲಿನ ಗೊಬ್ಬರಗುಂಡಿಗೆ ಎರೆಹುಳುಗಳನ್ನು ತಂದು ಬಿಟ್ಟು, ಅವು ಹೆಚ್ಚಿದವೇ ಎಂದು ವಾರಕ್ಕೊಮ್ಮೆ ಗೋಣಿ ಎತ್ತಿ ನೋಡುವ ನನ್ನಂಥವನಿಗೆ, ಅದೇ ಕೆಲಸ ಮಾಡುವ ಹುಳುವೊಂದು ಇನ್ನೊಂದೆಡೆ ಅನಾಹುತವಾಗುತ್ತದೆಂಬುದನ್ನು ಒಪ್ಪಿಕೊಳ್ಳಲು ಸ್ವಲ್ಪ ಸಮಯ ಬೇಕಾಯಿತು.

ಸಿಗ್ನಿಯ ನೆಲದ ಲೆಕ್ಕಾಚಾರವೇ ಬೇರೆ. ಅಲ್ಲಿ ಹಾವಸೆ ವರ್ಷಕ್ಕೆ ಕೆಲವೇ ಮಿಲಿಮೀಟರ್ ಬೆಳೆಯುತ್ತದೆ, ಸತ್ತದ್ದು ಕೊಳೆಯುವುದು ಅದಕ್ಕಿಂತ ನಿಧಾನ. ಹಾಗಾಗಿ ಒಂದರ ಮೇಲೊಂದು ಪದರ ಕೂಡಿಕೊಂಡು, ಸಾವಿರಾರು ವರ್ಷಗಳ ದಪ್ಪನೆಯ ಹಾಸುಗಳಾಗಿವೆ. ಆ ಹಾಸಿನ ಹೆಪ್ಪುಗಟ್ಟಿದ ಆಳದಿಂದ ಕೊರೆದು ತೆಗೆದ, 1500 ವರ್ಷಕ್ಕೂ ಹಳೆಯದಾದ ಹಾವಸೆಯ ತುಣುಕು ಪ್ರಯೋಗಾಲಯದ ಬೆಳಕು ಮತ್ತು ಬಿಸುಪಿನಲ್ಲಿ ಕೆಲವೇ ವಾರಗಳಲ್ಲಿ ಮತ್ತೆ ಚಿಗುರಿದ್ದನ್ನು ಬ್ರಿಟಿಷ್ ವಿಜ್ಞಾನಿಗಳು 2014ರಲ್ಲಿ ವರದಿ ಮಾಡಿದ್ದರು. ನಮ್ಮಲ್ಲಿ ಕದಂಬರು ಆಳುತ್ತಿದ್ದ ಕಾಲದ ಆಸುಪಾಸಿನಲ್ಲಿ ಹಸಿರಾಗಿದ್ದದ್ದು ಅದು! ಕೊಳೆಯುವಿಕೆಯ ನಿಧಾನವೇ ಆ ನೆಲದ ಉಳಿತಾಯ. ಅಲ್ಲಿ ಮೊದಲಿನಿಂದ ಇದ್ದ ನುಸಿ, ಸ್ಪ್ರಿಂಗ್‌ಟೇಲ್‌ಗಳು ಆ ಉಳಿತಾಯಕ್ಕೆ ಕೈ ಹಾಕುವಷ್ಟು ದೊಡ್ಡ ಹೊಟ್ಟೆಯವಲ್ಲ. ಈ ನೊರಜಾದರೋ ತಾನು ನೆಲೆಸಿದ ಜಾಗದಲ್ಲಿ ಅಲ್ಲಿನ ಮೂಲದ ಅಕಶೇರುಕಗಳನ್ನೆಲ್ಲ ಒಟ್ಟು ತೂಗಿದರೂ ಅದನ್ನು ಮೀರುವಷ್ಟು ತೂಕಕ್ಕೆ ಬೆಳೆದಿದೆ, ಮತ್ತು ಅಂಥ ಮಣ್ಣಿನಲ್ಲಿ ನೈಟ್ರೇಟಿನ ಪ್ರಮಾಣ ಮೂರರಿಂದ ಐದು ಪಟ್ಟು ಹೆಚ್ಚಿರುವುದು ಕಂಡುಬಂದಿದೆ. ಆ ಭಾಗದಲ್ಲಿ ಇಷ್ಟು ಸಾರ ಮಣ್ಣಿಗೆ ಸೇರುವುದು ಸಾಮಾನ್ಯವಾಗಿ ಸೀಲ್‌ಗಳು ಬಂದು ಮಲಗುವ ತಾಣಗಳಲ್ಲಿ. ಸಾರ ಹೆಚ್ಚಿದರೆ ಒಳ್ಳೆಯದಲ್ಲವೇ ಎಂದು ತೋಟದವರು ಕೇಳಿಯಾರು. ಬಡ ಮಣ್ಣಿಗೇ ಒಗ್ಗಿಕೊಂಡ ಹಾವಸೆಗೆ ಅದರಿಂದ ಲಾಭವಿಲ್ಲ. ಲಾಭವಾಗುವುದು ಮುಂದೆ ಹೊರಗಿನಿಂದ ಬರಬಹುದಾದ ಹುಲ್ಲಿಗೆ.

ಹುಲ್ಲು ಬರುವುದು ಊಹೆಯ ಮಾತಲ್ಲ. ಅಂಟಾರ್ಕ್ಟಿಕಾದ ಕಿಂಗ್ ಜಾರ್ಜ್ ದ್ವೀಪದಲ್ಲಿರುವ ಪೋಲೆಂಡಿನ ಸಂಶೋಧನಾ ಕೇಂದ್ರದ ಬಳಿ 1980ರ ದಶಕದಲ್ಲೇ ಪೋವಾ ಆನ್ಯುವಾ ಎಂಬ ಸಾಮಾನ್ಯ ಕಳೆಹುಲ್ಲು ಕಾಣಿಸಿಕೊಂಡಿತ್ತು. 2007–08ರ ಬೇಸಿಗೆಯಲ್ಲಿ ಅಂಟಾರ್ಕ್ಟಿಕಾಕ್ಕೆ ಹೊರಟವರ ಬಟ್ಟೆ, ಬೂಟು, ಚೀಲಗಳನ್ನು ವ್ಯಾಕ್ಯೂಮ್ ಯಂತ್ರದಿಂದ ಹೀರಿ ಪರೀಕ್ಷಿಸಿದಾಗ ಸರಾಸರಿ ತಲೆಗೆ ಒಂಬತ್ತೂವರೆ ಬೀಜಗಳು ಸಿಕ್ಕಿದ್ದವು. ಗದ್ದೆಬದುವಿನಲ್ಲಿ ನಡೆದು ಬಂದು ಪ್ಯಾಂಟಿನ ಅಂಚಿನಿಂದ ಉತ್ತರಾಣಿಯ ಕಾಳುಗಳನ್ನು ಒಂದೊಂದಾಗಿ ಕಿತ್ತವರಿಗೆ ಇದು ಆಶ್ಚರ್ಯವೆನಿಸದು.

ಅಂಟಾರ್ಕ್ಟಿಕಾದ ಪರಿಸರ ರಕ್ಷಣೆಗಾಗಿ ಆದ 1991ರ ಮ್ಯಾಡ್ರಿಡ್ ಒಪ್ಪಂದವು ಹೊರಗಿನ ಜೀವಿಗಳನ್ನು ಅನುಮತಿಯಿಲ್ಲದೆ ಅಲ್ಲಿಗೆ ಒಯ್ಯುವುದನ್ನು ನಿಷೇಧಿಸಿತು. 1994ರ ಹೊತ್ತಿಗೆ ಜಾರುಬಂಡಿ ಎಳೆಯುವ ನಾಯಿಗಳು ಕೂಡ ಖಂಡ ಬಿಡಬೇಕಾಯಿತು. ಮೈತ್ರಿ ಮತ್ತು ಭಾರತಿ ಕೇಂದ್ರಗಳಿಗೆ ಹೋಗುವ ನಮ್ಮವರಿಗೂ ಇದೇ ನಿಯಮ. ನಾಯಿಯನ್ನೇನೋ ಹಗ್ಗ ಹಿಡಿದು ಹಡಗು ಹತ್ತಿಸಬಹುದು. ನೊರಜಿನ ಮರಿಹುಳು ಇರುವುದು ಸಾವಿರಾರು ವರ್ಷ ಕೂಡಿಟ್ಟ ಆ ಹಾವಸೆಯ ಹಾಸಿನ ಒಳಗೇ; ಹುಳುವನ್ನು ತೆಗೆಯಲು ಹೋದರೆ ಹಾಸನ್ನೇ ಅಗೆದೆಸೆಯಬೇಕು. ಹಾರಲಾರದ ಆ ಕೀಟ ದ್ವೀಪದೊಳಗೆ ಹಬ್ಬುತ್ತಿರುವ ದಾರಿಗಳಲ್ಲಿ ಮನುಷ್ಯರು ತುಳಿದ ಕಾಲುದಾರಿಯೂ ಒಂದು. ಆದ್ದರಿಂದ ಸದ್ಯಕ್ಕೆ ಅದರ ವಿರುದ್ಧ ಇರುವ ಆಯುಧವೆಂದರೆ ಒಂದು ಬಕೆಟ್ ನೀರು, ಒಂದು ಗಟ್ಟಿ ಬ್ರಷ್ಷು ಮತ್ತು ಬೂಟಿನ ಅಟ್ಟೆಯ ಸಂದುಗಳಲ್ಲಿ ಸಿಕ್ಕಿಕೊಂಡ ಮಣ್ಣನ್ನು ಕೆರೆಯುವ ತಾಳ್ಮೆ.