212 ಮಹಡಿಯ ಮನೆ

ರಾತ್ರಿ ಊಟ ಮುಗಿಸಿ ಮತ್ತೆ ಸೆಸ್ನಾ 172 ಅನ್ನೋ ಪುಟ್ಟ ವಿಮಾನ ಹತ್ತಿದೆ. ಕಂಪ್ಯೂಟರಿನಲ್ಲೇ ಕಣ್ರೀ, ಗಾಬರಿ ಬೇಡ.

ಎಂಜಿನ್ನಿಗೆ ಥ್ರಾಟಲ್ ಪೂರ್ತಿ ಕೊಟ್ಟ ತಕ್ಷಣ ವಿಮಾನ ಎಡಕ್ಕೆ ಎಳೆಯುತ್ತೆ. ಮೊದಮೊದಲು ಜಾಯ್‌ಸ್ಟಿಕ್ಕೇ ಕೆಟ್ಟಿದೆ ಅಂದ್ಕೊಂಡು ಬಿಚ್ಚಿ, ಒರೆಸಿ, ಒಂದು ಸ್ಕ್ರೂ ಕಳೆದುಕೊಂಡಿದ್ದೆ. ಆಮೇಲೆ ಗೊತ್ತಾಯ್ತು, ನಿಜವಾದ ಸೆಸ್ನಾನೂ ಹಾಗೇ. ಪ್ರೊಪೆಲ್ಲರ್ ತಿರುಗೋ ರಭಸಕ್ಕೆ ಮೂತಿ ಎಡಕ್ಕೆ ವಾಲುತ್ತೆ, ಪೈಲಟ್ ಬಲಗಾಲಲ್ಲಿ, ಮೂತಿ ತಿರುಗಿಸೋ ರಡ್ಡರ್ ಪೆಡಲ್ ಒತ್ತಿ ಹಿಡಿದಿರಬೇಕು. ಅಷ್ಟು ಸೂಕ್ಷ್ಮ!

ಇಂಥ ಲೆಕ್ಕ ಹಾಕೋ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ ಅನ್ನೋ ಈ ವಿಮಾನದಾಟ 2020ರಲ್ಲಿ ಬಂದಾಗ, ಮೆಲ್ಬರ್ನಿನ ಪುಟ್ಟಪುಟ್ಟ ಮನೆಗಳ ಮಧ್ಯೆ ಒಂದು ಗೋಪುರ ಊದುಬತ್ತಿ ಥರ ಮುಗಿಲಿಗೆ ನೆಟ್ಟಗೆ ನಿಂತಿತ್ತು. 212 ಮಹಡಿ! ಬುರ್ಜ್ ಖಲೀಫಾಗೇ ಇರೋದು 163. ಕಾರಣ ಏನಪ್ಪಾ ಅಂದ್ರೆ, ಓಪನ್‌ಸ್ಟ್ರೀಟ್‌ಮ್ಯಾಪ್ ಅನ್ನೋ, ಯಾರು ಬೇಕಾದ್ರೂ ತಿದ್ದಬಹುದಾದ ನಕ್ಷೆಯಲ್ಲಿ ಯಾರೋ ಮಹಡಿ 2 ಅಂತ ಬರೆಯೋ ಕಡೆ 212 ಅಂತ ಒತ್ತಿದ್ರು. ನಕ್ಷೆಯಲ್ಲಿ ತಪ್ಪು ತಿದ್ದಾಗಿತ್ತು, ಆಟಕ್ಕೆ ಮಾತ್ರ ಹಳೇ ಮಾಹಿತಿಯೇ ಸೇರಿತ್ತು. ಜನ ಬಯ್ಯೋದು ಬಿಟ್ಟು ಅದನ್ನ ನೋಡೋಕೆ ಅಂತಲೇ ಹಾರಿಕೊಂಡು ಹೋದ್ರು. ನಾನಾಗಿದ್ರೂ ಹೋಗ್ತಿದ್ದೆ ಬಿಡಿ.

ನಿನ್ನೆ ಮಂಗಳೂರಿನ ಗುಡ್ಡದ ಮೇಲಿನ ಟೇಬಲ್‌ಟಾಪ್ ರನ್‌ವೇ ಪ್ರಯತ್ನಿಸಿದೆ. ವೇಗ ಜಾಸ್ತಿಯಾಗಿ ತುದಿ ದಾಟಿ ಕಣಿವೆಗೆ ಇಳಿದೆ. ಬೇರೆ ಊರಲ್ಲಾದ್ರೆ ನಕ್ಕು ರೀಸ್ಟಾರ್ಟ್ ಒತ್ತುತ್ತೀನಿ. ಅಲ್ಲಿ ಯಾಕೋ ಕೈ ಬರಲಿಲ್ಲ, 2010ರ ಮೇ ತಿಂಗಳಲ್ಲಿ ಅಲ್ಲೇ ನಡೆದ ವಿಮಾನ ದುರಂತ ನೆನಪಾಯ್ತು. ಅಷ್ಟರಲ್ಲಿ ಅಮ್ಮ ಬಾಗಿಲಲ್ಲಿ ಇಣುಕಿ, "ಇಳೀತೇನೋ ನಿನ್ನ ವಿಮಾನ?" ಅಂದ್ರು.

"ಹ್ಞೂಂ ಅಮ್ಮ" ಅಂತ ಸುಳ್ಳು ಹೇಳಿ ಕಂಪ್ಯೂಟರ್ ಆರಿಸಿದೆ.