8ರಿಂದ 13

ನಿದ್ದೆಯಲ್ಲಿ ಉಸಿರು ಕಟ್ಟದ ಹಾಗೆ ಮಾಸ್ಕಿನಿಂದ ಗಾಳಿ ಒತ್ತುವ ಸಿಪ್ಯಾಪ್ ಮೆಷಿನ್ನು ತಂದಿದ್ದೆ. ಮೂರನೇ ರಾತ್ರಿಗೇ ಅದನ್ನು ವಾಪಸ್ ಕೊಟ್ಟುಬಿಡೋಣ ಅನ್ನಿಸಿತ್ತು. ಮೂಗಿನ ಪಕ್ಕದಿಂದ ಗಾಳಿ ಸೋರಿ ಸೀದಾ ಕಣ್ಣಿಗೆ ಹೊಡೆಯುತ್ತಿತ್ತು. ಕುಕ್ಕರ್ ಕೂಗುವ ಮುಂಚೆ ಬರುತ್ತದಲ್ಲ, ಆ ಥರ ಸುಂಯ್ ಅನ್ನುವ ಸದ್ದು ಬೇರೆ. "ರೀ, ನಿಮ್ಮ ಗೊರಕೆನೇ ವಾಸಿ ಇತ್ತು" ಅಂತ ನನ್ನವಳು ದಿಂಬು ಎತ್ತಿಕೊಂಡು ಹಾಲ್‌ಗೆ ಹೋದಳು.

ಸ್ಲೀಪ್ ಸ್ಟಡಿಯಲ್ಲಿ ನನ್ನ ಎಎಚ್‌ಐ 38 ಬಂದಿತ್ತು. ಅಂದರೆ ನಿದ್ದೆಯಲ್ಲಿ ಗಂಟೆಗೆ 38 ಸಲ ಉಸಿರು ನಿಲ್ಲುತ್ತದೆ, ಇಲ್ಲವೇ ಕಮ್ಮಿಯಾಗುತ್ತದೆ. 5ರ ಒಳಗಿದ್ದರೆ ಸರಿ, 30 ದಾಟಿದರೆ ಜಾಸ್ತಿಯೇ. ಮೆಷಿನ್ ಮಾರಿದವರು ಬಾಯಿ, ಮೂಗು ಎರಡನ್ನೂ ಮುಚ್ಚುವ ಫುಲ್ ಫೇಸ್ ಮಾಸ್ಕ್ ಕೊಟ್ಟರು. ಗಾಳಿಯ ಪ್ರೆಶರ್ 4ರಿಂದ 20 (ನೀರಿನ ಸೆಂಟಿಮೀಟರ್ ಲೆಕ್ಕದಲ್ಲಿ), ಡಬ್ಬದಿಂದ ಬಂದ ಹಾಗೇ. "ಆಟೋ ಸಿಪ್ಯಾಪ್ ಸರ್, ಎಷ್ಟು ಪ್ರೆಶರ್ ಬೇಕೋ ಅದೇ ನೋಡ್ಕೊಳ್ಳುತ್ತೆ."

ಎಲ್ಲಿ ನೋಡ್ಕೊಂಡಿತು? 4ರಲ್ಲಿ ಶುರುವಾದಾಗ ಗಾಳಿ ಸಾಲದೆ ಉಸಿರು ಕಟ್ಟಿದ ಹಾಗಾಗುತ್ತಿತ್ತು. ನಡುರಾತ್ರಿ 16ಕ್ಕೆ ಏರಿ ಮಾಸ್ಕೇ ಮುಖದಿಂದ ಎದ್ದು ನಿಲ್ಲುತ್ತಿತ್ತು. ಬೆಳಗ್ಗೆ ಹೊಟ್ಟೆಯುಬ್ಬರ, ತೇಗು. ಅಜೀರ್ಣ ಅಂದುಕೊಂಡು ಒಂದು ವಾರ ಜೀರಿಗೆ ಕಷಾಯ ಕುಡಿದೆ. ಆಮೇಲೆ ಗೊತ್ತಾಯಿತು, ರಾತ್ರಿಯಿಡೀ ಗಾಳಿ ನುಂಗುತ್ತಿದ್ದೆ ಅಂತ.

ಸೋರಿದಾಗೆಲ್ಲ ಪಟ್ಟಿ ಬಿಗಿ ಮಾಡುತ್ತಾ ಹೋದೆ. ಕೆನ್ನೆ ಮೇಲೆ ಬರೆ ಬಿತ್ತು, ಬ್ಯಾಂಕಿನಲ್ಲಿ ಎಲ್ಲರೂ ಕೇಳುವವರೇ. ಸೋರುವುದು ಮಾತ್ರ ನಿಲ್ಲಲಿಲ್ಲ.

ಕೊನೆಗೆ ಸ್ಲೀಪ್ ಲ್ಯಾಬಿನ ಹುಡುಗ ಕೇಳಿದ: "ಸರ್, ಮಾಸ್ಕ್ ಅಳತೆ ಕೂತ್ಕೊಂಡು ನೋಡಿದ್ರಾ, ಮಲಗ್ಕೊಂಡಾ?" ಕೂತೇ ನೋಡಿದ್ದೆ. ಅವನು ನನ್ನನ್ನು ಮಲಗಿಸಿದ. ಮೆಷಿನ್ 12ಕ್ಕೆ ಇಟ್ಟ. ಮೊದಲು ಮಾಡಿದ್ದೇ ಪಟ್ಟಿ ಸಡಿಲ! ಒಳಗಿನ ಗಾಳಿಗೆ ಮಾಸ್ಕ್ ಅಂಚಿನ ಮೆತ್ತನೆ ಕುಷನ್ ಉಬ್ಬಿ ಮುಖಕ್ಕೆ ತಾನಾಗೇ ಅಂಟಿಕೊಳ್ಳಬೇಕಂತೆ. ಬಿಗಿದರೆ ಅಪ್ಪಚ್ಚಿಯಾಗಿ ಮಡಿಕೆ ಬೀಳುತ್ತದೆ, ಆ ಮಡಿಕೆಯಿಂದಲೇ ಸೋರಿಕೆ. ಪ್ಲಾಸ್ಟಿಕ್ ಅಚ್ಚು ಹಿಡಿದು ನೋಡಿದರೆ ನನ್ನದು ಮೀಡಿಯಂ. ಕೊಟ್ಟಿದ್ದು ಲಾರ್ಜ್.

ಇನ್ನೊಂದು ತೊಡಕು ನನ್ನ ಮೀಸೆ. ಮೂವತ್ತು ವರ್ಷದ್ದು, ಬೋಳಿಸುವ ಮಾತೇ ಇಲ್ಲ. ಕುಷನ್ ಅಂಚು ಕೂದಲ ಮೇಲೆ ಕೂತರೆ ಸೋರದೆ ಇರುತ್ತಾ? ಮೂಗಿನ ಹೊಳ್ಳೆಗೇ ಕೂರುವ ಪಿಲ್ಲೋ ಮಾಸ್ಕ್ ಆದರೆ ಮೀಸೆಯ ಗೊಡವೆ ಇಲ್ಲ. ಆದರೆ ನನ್ನ ಮೂಗು ಯಾವಾಗಲೂ ಕಟ್ಟಿರುತ್ತಿತ್ತು, ಬಾಯಲ್ಲೇ ಉಸಿರು. ಇಎನ್‌ಟಿ ಡಾಕ್ಟರು ಸ್ಪ್ರೇ ಕೊಟ್ಟರು. ಮೂರು ವಾರಕ್ಕೆ ಮೂಗು ಬಿಟ್ಟಿತು, ಮಾಸ್ಕ್ ಬದಲಾಯಿತು.

ಆಮೇಲೆ ಪ್ರೆಶರ್ ಸರಿಮಾಡುವುದು ಸುಲಭವಾಯಿತು. ಮೆಷಿನ್ ಕಾರ್ಡಿನಲ್ಲಿ ಪ್ರತಿ ರಾತ್ರಿಯ ಲೆಕ್ಕ ಇರುತ್ತದೆ. ರಾತ್ರಿಯ ನೂರರಲ್ಲಿ ತೊಂಬತ್ತೈದು ಪಾಲು ಹೊತ್ತು ನನಗೆ 10 ಅಥವಾ ಅದಕ್ಕಿಂತ ಕಮ್ಮಿಯೇ ಸಾಕಾಗುತ್ತಿತ್ತು. ಅದನ್ನು ನೋಡಿ ಡಾಕ್ಟರು 8ರಿಂದ 13ಕ್ಕೆ ಕಟ್ಟಿಹಾಕಿದರು. ಕಳೆದ ತಿಂಗಳ ಎಎಚ್‌ಐ 2.4. ಮಧ್ಯಾಹ್ನ ಕೌಂಟರಿನಲ್ಲಿ ತೂಕಡಿಸುವುದು ನಿಂತಿದೆ.

ನನ್ನವಳು ರೂಮಿಗೆ ವಾಪಸ್ ಬಂದಿದ್ದಾಳೆ. ಆದರೆ ಭಾನುವಾರ ಎಣ್ಣೆ ಸ್ನಾನ, ಎಷ್ಟು ಸೀಗೆಪುಡಿ ಉಜ್ಜಿದರೂ ತಲೆಯ ಜಿಡ್ಡು ಪೂರ್ತಿ ಹೋಗುವುದಿಲ್ಲ. ಪಟ್ಟಿ ಜಾರುತ್ತದೆ, ಮತ್ತೆ ಸುಂಯ್. ಅದಕ್ಕೇ ಒಂದು ದಿಂಬು ಇನ್ನೂ ಹಾಲ್‌ನ ದಿವಾನದ ಮೇಲೇ ಇದೆ.